ಪ್ರಬಂಧಗಳ ಎಣಿಕೆಯೂ ವೈದ್ಯವಿದ್ಯೆಯ ಪ್ರವೇಶವೂ

ವೈದ್ಯವಿದ್ಯೆಯನ್ನು ಕಲಿಯಲು ಬರುವ ತರುಣ ತರುಣಿಯರಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಹಿಂದಿರುಗಿಸಬೇಕು ಎಂಬ ಪ್ರಶ್ನೆಯು ಯಾವ ದೇಶಕ್ಕೂ ಸುಲಭವಾದುದಲ್ಲ. ಇಂದು ಆರಿಸಿಕೊಂಡ ವಿದ್ಯಾರ್ಥಿಯ ಕೈಯಲ್ಲಿ ನಾಳೆ ಪ್ರಜೆಗಳ ಪ್ರಾಣವಿರುವುದು. ಆದುದರಿಂದ ಆಯ್ಕೆಯ ಅಳತೆಗೋಲು ಯಾವುದೆಂಬುದು ವಿದ್ಯಾರ್ಥಿಗಳ ಮತ್ತು ಅವರ ತಂದೆತಾಯಿಗಳ ಚಿಂತೆ ಮಾತ್ರವಲ್ಲ. ಎಂದಾದರೊಂದು ದಿನ ರೋಗಿಯಾಗಿ ಮಲಗಬೇಕಾದ ನಮ್ಮೆಲ್ಲರ ಚಿಂತೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಅಳತೆಗೋಲು ಬಲವಾಗಿ ಬೇರೂರಿದೆ. ವೈದ್ಯಕೀಯ ಕಾಲೇಜನ್ನು ಸೇರುವ ಮೊದಲೇ, ಪದವಿ ತರಗತಿಯಲ್ಲಿ ಓದುತ್ತಿರುವಾಗಲೇ, ವಿದ್ಯಾರ್ಥಿಯು ಸಂಶೋಧನೆಯಲ್ಲಿ ತೊಡಗಿರಬೇಕು, ಸಾಧ್ಯವಾದರೆ ತನ್ನ ಹೆಸರಿನಲ್ಲಿ ಪ್ರಬಂಧವನ್ನೂ ಪ್ರಕಟಿಸಿರಬೇಕು ಎಂಬ ನಿರೀಕ್ಷೆಯೇ ಅದು. ಇದರ ಗುಣದೋಷಗಳ ವಿಚಾರವು ನಮಗೆ ದೂರದ ಮಾತಲ್ಲ. ಉನ್ನತ ತರಬೇತಿಗಾಗಿ ಅಲ್ಲಿಗೆ ಹೋಗುವ ನಮ್ಮ ನಾಡಿನ ವೈದ್ಯರಿಗೆ ಇದರ ಬಿಸಿ ಈಗಾಗಲೇ ತಟ್ಟಿದೆ. ಇಲ್ಲಿನ ಪ್ರವೇಶ ಪರೀಕ್ಷೆಯಿಂದ ಬೇಸತ್ತವರಲ್ಲಿ ಕೆಲವರು ಅಮೆರಿಕದ ಕ್ರಮವನ್ನೇ ಆದರ್ಶವೆಂದು ತೋರಿಸುತ್ತಲೂ ಇದ್ದಾರೆ.

ಅಲ್ಲಿನ ಕ್ರಮವನ್ನು ಮೊದಲು ಸಂಕ್ಷೇಪವಾಗಿ ಹೇಳುವೆವು. ನಮ್ಮಲ್ಲಿ ಪಿ.ಯು.ಸಿ. ಮುಗಿಸಿದವರು ನೇರವಾಗಿ ಎಂ.ಬಿ.ಬಿ.ಎಸ್. ತರಗತಿಯನ್ನು ಸೇರುವರು. ಅಮೆರಿಕದಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷಗಳ ಪದವಿ ವ್ಯಾಸಂಗ. ಅದರೊಡನೆ ಎಂಕ್ಯಾಟ್ ಎಂಬ ಪರೀಕ್ಷೆ, ಅದರ ಅಂಕಗಳು 472ರಿಂದ 528ರವರೆಗೆ. ಬಳಿಕ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ನಡೆಸುವ ಸಾಮಾನ್ಯ ಅರ್ಜಿ. ಈ ಅರ್ಜಿಯಲ್ಲಿ ಅಭ್ಯರ್ಥಿಯು ತಾನು ಮಾಡಿದ ಕೆಲಸಗಳನ್ನು 15ರ ಮಿತಿಯೊಳಗೆ ನಮೂದಿಸಬಹುದು. ಅವುಗಳಲ್ಲಿ 3ನ್ನು ಅತ್ಯಂತ ಮಹತ್ವದವೆಂದು ಗುರುತಿಸಬಹುದು. ರೋಗಿಗಳ ಸೇವೆ, ಸಮಾಜಸೇವೆ, ಬೋಧನೆ ಇವುಗಳಿಗಿರುವಂತೆ ಸಂಶೋಧನೆಗೂ ಪ್ರಕಟಿತ ಪ್ರಬಂಧಗಳಿಗೂ ಅಲ್ಲಿ ಬೇರೆ ಬೇರೆ ಸ್ಥಾನಗಳುಂಟು. ಈಚಿನ ವರ್ಷಗಳಲ್ಲಿ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕಿದರೆ ಸುಮಾರು 23 ಸಾವಿರ ಮಂದಿಗೆ ಮಾತ್ರ ಪ್ರವೇಶ ದೊರೆಯುತ್ತಿದೆ. ಪ್ರಬಂಧವಿಲ್ಲದವನು ಬರಕೂಡದೆಂದು ಕಾಲೇಜುಗಳು ಸಾಮಾನ್ಯವಾಗಿ ವಿಧಿಸಿಲ್ಲ. ಪ್ರಬಂಧವಿಲ್ಲದೆಯೇ ಸೇರಿದವರು ಅನೇಕರಿದ್ದಾರೆ. ಆದರೆ ಅಂಕಗಳಲ್ಲಿ ಒಬ್ಬರಿಗೊಬ್ಬರು ಸಮಾನರಾದ ನೂರಾರು ಮಂದಿಯ ಅರ್ಜಿಗಳು ಮೇಜಿನ ಮೇಲೆ ಬಿದ್ದಾಗ, ಮುದ್ರಿತವಾದ ಹೆಸರು ಕಣ್ಣಿಗೆ ಬೀಳುವುದು ಸಹಜ. ಸಂಶೋಧನೆಗೆ ಹೆಸರಾದ ಕಾಲೇಜುಗಳಲ್ಲಂತೂ ಅದರ ತೂಕ ಹೆಚ್ಚು. ಇದನ್ನು ಬಲ್ಲ ವಿದ್ಯಾರ್ಥಿಗಳು, ನಿಯಮದಲ್ಲಿ ಇಲ್ಲದುದನ್ನು ನಿಯಮವೆಂದೇ ಭಾವಿಸಿ ಓಡತೊಡಗಿದ್ದಾರೆ.

ಈ ನಿರೀಕ್ಷೆಯ ಮೂಲವು ಕೆಟ್ಟದ್ದೆಂದು ನಾವು ಹೇಳಲಾರೆವು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹಣ ಕೊಟ್ಟವನಿಗೆ ವೈದ್ಯಪದವಿಯನ್ನು ಮಾರುವ ಶಾಲೆಗಳು ಹೇರಳವಾಗಿದ್ದುವು. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯು ಪ್ರವೇಶಕ್ಕೆ ಪದವಿಯನ್ನೇ ಕಡ್ಡಾಯ ಮಾಡಿ, ವೈದ್ಯನಾಗುವವನು ವಿಜ್ಞಾನದಲ್ಲಿ ಪಳಗಿರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅವರು ಅಮೆರಿಕ ಮತ್ತು ಕೆನಡಾ ದೇಶಗಳ 155 ಶಾಲೆಗಳನ್ನು ಪರೀಕ್ಷಿಸಿ ಬರೆದ ವರದಿಯು ಈ ತತ್ತ್ವವನ್ನು ದೇಶಕ್ಕೆಲ್ಲ ಹರಡಿತು. ಕೀಳು ಶಾಲೆಗಳು ಮುಚ್ಚಿದುವು. ಪ್ರಯೋಗಶಾಲೆಯು ವೈದ್ಯಶಿಕ್ಷಣದ ಅಂಗವಾಯಿತು. ಆದರೆ ಆ ಸುಧಾರಣೆಯ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಮರೆಯಲಾಗದು. ಕಪ್ಪು ಜನರಿಗಾಗಿ ಆಗ ಇದ್ದ 7 ವೈದ್ಯಶಾಲೆಗಳಲ್ಲಿ 5 ಮುಚ್ಚಿಹೋಗಿ, ಹೋವರ್ಡ್ ಮತ್ತು ಮೆಹಾರಿ ಎಂಬ ಎರಡು ಮಾತ್ರ ಉಳಿದುವು. ಉತ್ತಮ ಉದ್ದೇಶದಿಂದ ಏರಿಸಿದ ಮಟ್ಟವು, ಏರಲು ಮೆಟ್ಟಿಲಿಲ್ಲದವರನ್ನು ಹೊರಗೇ ನಿಲ್ಲಿಸುವುದೆಂಬುದಕ್ಕೆ ಇದು ಸಾಕ್ಷಿ.

ವಿದ್ಯಾರ್ಥಿಗಳಿಂದ ನಿಜವಾದ ಸಂಶೋಧನೆ ಸಾಧ್ಯವೇ ಎಂದು ಸಂದೇಹಪಡುವವರಿಗೆ ಇತಿಹಾಸವೇ ಉತ್ತರ ಹೇಳುವುದು. ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಹರಡಿರುವ ಜೀವಕೋಶಗಳ ಗುಂಪುಗಳನ್ನು 1869ರಲ್ಲಿ ಮೊದಲು ವರ್ಣಿಸಿದ ಪಾಲ್ ಲ್ಯಾಂಗರ್‌ಹಾನ್ಸನು ಬರ್ಲಿನ್ನಿನ ವಿದ್ಯಾರ್ಥಿ. ಆ ದ್ವೀಪಗಳಿಂದ ಹೊರಡುವ ಇನ್ಸುಲಿನ್ನನ್ನು ಬೇರ್ಪಡಿಸಲು 1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗರ ಜೊತೆ ದುಡಿದ ಚಾರ್ಲ್ಸ್ ಬೆಸ್ಟ್ ಆಗತಾನೆ ಪದವಿ ಮುಗಿಸಿದ 22 ವರ್ಷದ ಯುವಕ. ಆತನು ವೈದ್ಯಪದವಿಯನ್ನು ಪಡೆದುದು ಆಮೇಲೆ. ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧದ ಕಥೆಯು ಹಾಪ್ಕಿನ್ಸ್ ಶಾಲೆಯ ವಿದ್ಯಾರ್ಥಿ ಜೇ ಮೆಕ್ಲೀನ್ 1916ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆರಂಭವಾಗುವುದು. ವೈದ್ಯವಿದ್ಯೆಯಿಂದ ಹೊರಗೆ ನೋಡುವುದಾದರೆ, ಮುಂದೆ ಬೆಂಗಳೂರನ್ನೇ ತಮ್ಮ ಕಾರ್ಯಕ್ಷೇತ್ರ ಮಾಡಿಕೊಂಡ ಸರ್ ಸಿ. ವಿ. ರಾಮನ್ ಅವರು ತಮ್ಮ ಮೊದಲ ಪ್ರಬಂಧವನ್ನು 1906ರಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚುಹಾಕಿಸಿದರು. ಇವರಲ್ಲಿ ಯಾರೂ ಅರ್ಜಿಯ ಪಟ್ಟಿಯನ್ನು ತುಂಬಿಸುವುದಕ್ಕಾಗಿ ದುಡಿದವರಲ್ಲ. ಮುಂದಿದ್ದ ಒಂದು ಪ್ರಶ್ನೆಯು ಅವರನ್ನು ಹಿಡಿದಿತ್ತು. ಉತ್ತರ ದೊರೆತಾಗ ಅದನ್ನು ಬರೆದರು. ಪ್ರಬಂಧವು ಫಲವಾಗಿದ್ದಿತೇ ಹೊರತು ಬೀಜವಾಗಿರಲಿಲ್ಲ.

ಈಗ ಆಗಿರುವುದು ಇದರ ವಿಪರ್ಯಾಸ. ಒಂದು ಒಳ್ಳೆಯ ಸಂಶೋಧನೆಗೆ ವರ್ಷಗಳು ಹಿಡಿಯುವುವು. ಬಹಳ ಸಲ ಅದು ಏನನ್ನೂ ತೋರಿಸದೆ ಮುಗಿಯುವುದು. ಪದವಿ ವಿದ್ಯಾರ್ಥಿಗಾದರೋ ಅರ್ಜಿ ಹಾಕುವ ತಿಂಗಳು ಮೊದಲೇ ಗೊತ್ತಾಗಿದೆ. ಅಷ್ಟರೊಳಗೆ ಪಟ್ಟಿಯಲ್ಲಿ ಏನಾದರೂ ಕಾಣಿಸಬೇಕು. ಆದಕಾರಣ ಒಂದೇ ಕೆಲಸವನ್ನು ಮೂರು ತುಂಡು ಮಾಡಿ ಮೂರು ಪ್ರಬಂಧಗಳನ್ನಾಗಿಸುವುದು, ಹತ್ತು ಮಂದಿಯ ಲೇಖನದಲ್ಲಿ ಏಳನೆಯ ಹೆಸರಾಗಿ ಸೇರುವುದು, ಒಬ್ಬ ರೋಗಿಯ ವೃತ್ತಾಂತವನ್ನೇ ಸಂಶೋಧನೆಯೆಂದು ಅಚ್ಚುಹಾಕಿಸುವುದು, ಇಂತಹ ಉಪಾಯಗಳು ಹುಟ್ಟಿಕೊಳ್ಳುವುವು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಲೇಖಕನೆನಿಸಿಕೊಳ್ಳಲು 4 ಷರತ್ತುಗಳನ್ನು ವಿಧಿಸಿದೆ: ಕೆಲಸದ ಕಲ್ಪನೆಯಲ್ಲಾಗಲಿ ನಡೆವಳಿಕೆಯಲ್ಲಾಗಲಿ ಗಣನೀಯವಾದ ಪಾಲು, ಬರವಣಿಗೆಯಲ್ಲಿ ಅಥವಾ ಅದನ್ನು ತಿದ್ದುವುದರಲ್ಲಿ ಪಾಲು, ಅಂತಿಮ ರೂಪಕ್ಕೆ ಸಮ್ಮತಿ, ಬರೆದುದೆಲ್ಲಕ್ಕೂ ಹೊಣೆಗಾರಿಕೆ. ಇವು ನಾಲ್ಕೂ ಸಲ್ಲಬೇಕು. ಈ ಷರತ್ತುಗಳನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಎಷ್ಟು ವಿದ್ಯಾರ್ಥಿಗಳ ಹೆಸರು ಉಳಿದೀತು, ಎಷ್ಟು ಪ್ರಾಧ್ಯಾಪಕರ ಹೆಸರು ಉಳಿದೀತು ಎಂಬುದು ವಿಚಾರಿಸತಕ್ಕ ಮಾತು.

ಪ್ರವೇಶದಲ್ಲಿ ಮೊಳೆತ ಈ ಅಭ್ಯಾಸವು ಮುಂದೆ ಹೇಗೆ ಬೆಳೆಯುವುದೆಂಬುದನ್ನು ರೆಸಿಡೆನ್ಸಿಯೆಂದು ಕರೆಯಲ್ಪಡುವ ಆಸ್ಪತ್ರೆ ತರಬೇತಿಯ ಆಯ್ಕೆಯಲ್ಲಿ ಕಾಣಬಹುದು. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತದಲ್ಲಿ 2022ರ ಜನವರಿಯಿಂದ ಅಂಕಗಳನ್ನು ತೋರಿಸದೆ ತೇರ್ಗಡೆಯಾದುದನ್ನು ಮಾತ್ರ ತಿಳಿಸಲಾಗುತ್ತಿದೆ. ವಿದ್ಯಾರ್ಥಿಗಳ ಮೇಲಿನ ಭಾರವನ್ನು ಇಳಿಸುವುದೇ ಅದರ ಉದ್ದೇಶಗಳಲ್ಲೊಂದು. ಆದರೆ ಒಂದು ಅಳತೆ ಹೋದಾಗ ಭಾರವು ಉಳಿದ ಅಳತೆಗಳ ಮೇಲೆ ಬೀಳುವುದು. ಮೆದುಳಿನ ಶಸ್ತ್ರಚಿಕಿತ್ಸೆಯ ತರಬೇತಿಗೆ 2022ರಲ್ಲಿ ಆಯ್ಕೆಯಾದ ಅಮೆರಿಕದ ವಿದ್ಯಾರ್ಥಿಗಳು ತಮ್ಮ ಅರ್ಜಿಗಳಲ್ಲಿ ಸರಾಸರಿ ತೋರಿಸಿದ್ದ ಸಾರಾಂಶ, ಭಾಷಣ ಮತ್ತು ಪ್ರಬಂಧಗಳ ಒಟ್ಟು ಸಂಖ್ಯೆ 25ಕ್ಕೂ ಹೆಚ್ಚು. ಹಗಲೆಲ್ಲ ಪಾಠ, ರಾತ್ರಿ ಆಸ್ಪತ್ರೆ ಎಂದು ದುಡಿಯುವ ವಿದ್ಯಾರ್ಥಿಯು ಕೆಲವೇ ವರ್ಷಗಳಲ್ಲಿ ಇಷ್ಟನ್ನು ಹೇಗೆ ಸಾಧಿಸಿದನು? ಕೆಲವರು ನಿಜವಾಗಿಯೂ ಅಸಾಧಾರಣರಿರಬಹುದು. ಸರಾಸರಿಯೇ ಅಸಾಧಾರಣವಾದಾಗ ಅಳತೆಗೋಲನ್ನೇ ಸಂಶಯಿಸುವುದು ನ್ಯಾಯ.

ಇನ್ನು ಬಡವರ ಮಾತು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಮಾಡುವ ಕೆಲಸಕ್ಕೆ ಅನೇಕ ವೇಳೆ ಸಂಬಳವಿರುವುದಿಲ್ಲ. ಬೇಸಗೆಯ ರಜೆಯಲ್ಲಿ ಅಂಗಡಿಯಲ್ಲಿಯೋ ಹೋಟೆಲಿನಲ್ಲಿಯೋ ದುಡಿದು ಶುಲ್ಕವನ್ನು ಹೊಂದಿಸಬೇಕಾದ ಹುಡುಗನಿಗೆ ಉಚಿತವಾಗಿ ದುಡಿಯುವ ಅವಕಾಶವೇ ಒಂದು ಐಶ್ವರ್ಯ. ಪ್ರಾಧ್ಯಾಪಕನ ಮಗನಿಗೆ ಪ್ರಯೋಗಶಾಲೆಯ ಬಾಗಿಲು ಯಾವುದೆಂದು ಹುಟ್ಟಿನಿಂದಲೇ ಗೊತ್ತು. ಚಾಲಕನ ಮಗಳಿಗೆ ಅಂತಹ ಬಾಗಿಲೊಂದುಂಟೆಂಬುದೇ ತಿಳಿಯದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಪದವಿ ವಿದ್ಯಾರ್ಥಿಗಳಿಗೆ ವೇತನ ಕೊಟ್ಟು ಸಂಶೋಧನೆ ಕಲಿಸುವ ಯೋಜನೆಯನ್ನು ನಡೆಸುತ್ತಿರುವುದು ಶ್ಲಾಘ್ಯವೇ ಸರಿ. ಆದರೆ ಅಪೇಕ್ಷಿಸುವವರೆಲ್ಲರಿಗೂ ಅಲ್ಲಿ ಸ್ಥಳವಿಲ್ಲ.

ಪ್ರಭಾವವುಳ್ಳವರ ಮಕ್ಕಳಿಗೆ ಈ ಅಳತೆಗೋಲು ಹೇಗೆ ಬಾಗುವುದೆಂಬುದನ್ನು ದಕ್ಷಿಣ ಕೊರಿಯ ದೇಶವು 2019ರಲ್ಲಿ ಕಂಡಿತು. ಆಗ ನ್ಯಾಯಮಂತ್ರಿಯಾಗಿ ನೇಮಕಗೊಂಡ ಚೋ ಕುಕ್ ಅವರ ಮಗಳು ಪ್ರೌಢಶಾಲೆಯಲ್ಲಿದ್ದಾಗ ಒಂದು ವೈದ್ಯಕೀಯ ಸಂಶೋಧನಾಲಯದಲ್ಲಿ ಸುಮಾರು ಎರಡು ವಾರ ಕಳೆದು, 2009ರಲ್ಲಿ ಪ್ರಕಟವಾದ ರೋಗಶಾಸ್ತ್ರದ ಪ್ರಬಂಧವೊಂದಕ್ಕೆ ಮೊದಲ ಲೇಖಕಿಯಾಗಿದ್ದಳೆಂಬುದು ಹೊರಬಿದ್ದಿತು. ಆಕೆ ಮುಂದೆ ವಿಶ್ವವಿದ್ಯಾನಿಲಯವನ್ನೂ ಬಳಿಕ ವೈದ್ಯಕೀಯ ಶಾಲೆಯನ್ನೂ ಸೇರಿದ್ದಳು. ವಿದ್ಯಾರ್ಥಿಗಳು ಮೇಣದಬತ್ತಿಗಳನ್ನು ಹಿಡಿದು ಬೀದಿಗಿಳಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪತ್ರಿಕೆಯು ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅಕ್ಟೋಬರಿನಲ್ಲಿ ಮಂತ್ರಿ ರಾಜೀನಾಮೆಯಿತ್ತರು. ಪ್ರವೇಶಕ್ಕಾಗಿ ಸುಳ್ಳು ಪ್ರಮಾಣಪತ್ರಗಳನ್ನು ಬಳಸಿದುದೇ ಮೊದಲಾದ ಅಪರಾಧಗಳಿಗಾಗಿ ತಾಯಿಗೆ ವಿಧಿಸಿದ 4 ವರ್ಷಗಳ ಸೆರೆವಾಸವನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಎತ್ತಿಹಿಡಿಯಿತು. ವೈದ್ಯಕೀಯ ಶಾಲೆಯು ಅದೇ ವರ್ಷ ಪ್ರವೇಶವನ್ನು ರದ್ದುಮಾಡಿತು. ಒಂದು ಸರಕಾರವನ್ನೇ ನಡುಗಿಸಿದ ಈ ಪ್ರಕರಣದ ಒಳಗಿರುವ ಪ್ರಶ್ನೆ ಬಹಳ ಸರಳ. ಲೇಖಕಿಯೆಂದು ಹೆಸರು ಹಾಕುವಾಗ, ಆಕೆ ಮಾಡಿದ ಕೆಲಸವೇನೆಂದು ಯಾರೂ ಕೇಳಲಿಲ್ಲವೇಕೆ?

ಬೇಡಿಕೆಯಿದ್ದಲ್ಲಿ ಮಾರುಕಟ್ಟೆ ಏಳುವುದು ಲೋಕರೂಢಿ. ಹಣ ತೆಗೆದುಕೊಂಡು, ಪರಿಶೀಲನೆಯ ನಟನೆ ಮಾಡಿ, ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಜಗತ್ತಿನಲ್ಲೆಲ್ಲ ಹಬ್ಬಿವೆ. ಈ ವ್ಯಾಪಾರದಲ್ಲಿ ನಮ್ಮ ದೇಶದ ಹೆಸರು ಮುಂದೆ ಬಂದಿರುವುದು ನಾವು ತಲೆತಗ್ಗಿಸತಕ್ಕ ಸಂಗತಿ. ಹೈದರಾಬಾದಿನ ಓಮಿಕ್ಸ್ ಸಂಸ್ಥೆಯು ಲೇಖಕರನ್ನು ವಂಚಿಸಿತೆಂದು ಅಮೆರಿಕದ ವ್ಯಾಪಾರ ಆಯೋಗವು 2016ರಲ್ಲಿ ಹೂಡಿದ ದಾವೆಯಲ್ಲಿ, 2019ರಲ್ಲಿ ಅಲ್ಲಿನ ನ್ಯಾಯಾಲಯವು 5 ಕೋಟಿ ಡಾಲರುಗಳಿಗೂ ಮೀರಿದ ಮೊತ್ತವನ್ನು ತೆರಬೇಕೆಂದು ಆಜ್ಞೆಮಾಡಿತು. ಇಂತಹ ಪತ್ರಿಕೆಗಳಿಗೆ ಹಣ ತೆರುವವರು ವಿದ್ಯಾರ್ಥಿಗಳು ಮಾತ್ರವಲ್ಲ, ಅಧ್ಯಾಪಕರೂ ಹೌದು. 2015ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಲಿಯು ಅಧ್ಯಾಪಕರ ಬಡ್ತಿಗೆ ಪ್ರಬಂಧಗಳನ್ನು ಲೆಕ್ಕಹಿಡಿಯುವ ಸೂತ್ರವನ್ನು ಹೊರಡಿಸಿ, ಮೊದಲ ಇಬ್ಬರು ಲೇಖಕರಿಗೆ ಮಾತ್ರ ಅದರ ಪ್ರಯೋಜನವೆಂದಿತು. ರೋಗಿಗಳನ್ನು ನೋಡುವುದರಲ್ಲಿ, ಪಾಠ ಹೇಳುವುದರಲ್ಲಿ ಸಮರ್ಥರಾದವರೂ ಬಡ್ತಿಗಾಗಿ ಪತ್ರಿಕೆಗಳನ್ನು ಹುಡುಕಿಕೊಂಡು ಹೊರಡಬೇಕಾಯಿತು.

ಎಣಿಕೆಯ ಮೋಹವನ್ನು ದೂರುವಾಗ ನಮ್ಮ ದಾರಿದ್ರ್ಯವನ್ನು ಮರೆಮಾಚುವುದೂ ಸಲ್ಲದು. ಡಾಕ್ಟರ್ ಸಮೀರನ್ ನಂದಿ ಮತ್ತು ಅವರ ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ ದೇಶದ 579 ವೈದ್ಯಕೀಯ ಸಂಸ್ಥೆಗಳ ಪೈಕಿ 332 ಸಂಸ್ಥೆಗಳಿಂದ ಒಂದೇ ಒಂದು ಪ್ರಬಂಧವೂ ಹೊರಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಪ್ರಬಂಧಗಳನ್ನು ಹೊರತಂದ ಸಂಸ್ಥೆಗಳು 25 ಮಾತ್ರ. ಕಾಲೇಜುಗಳ ಸಂಖ್ಯೆಯಲ್ಲಿ ಮುಂದಿರುವೆವೆಂದು ಹೆಮ್ಮೆಪಡುವ ಕರ್ನಾಟಕವು ಈ ವಿಷಯದಲ್ಲಿ ಹೆಮ್ಮೆಪಡುವಂತಿರಲಿಲ್ಲ. ಅಲ್ಲಿ ಸುಳ್ಳು ಸಂಶೋಧನೆಯ ಸಂತೆ. ಇಲ್ಲಿ ಸಂಶೋಧನೆಯೇ ಇಲ್ಲದ ಬರ. ಎರಡಕ್ಕೂ ಕಾರಣ ಒಂದೇ: ಪ್ರಶ್ನೆ ಕೇಳುವ ಬುದ್ಧಿಯನ್ನು ಬೆಳೆಸುವ ಕೆಲಸವನ್ನು ಬಿಟ್ಟು, ಪರೀಕ್ಷಿಸಲು ಸುಲಭವಾದುದನ್ನು ಮಾತ್ರ ಎಣಿಸುತ್ತ ಕುಳಿತಿರುವುದು.

ನಮ್ಮ ಪ್ರವೇಶದ ಕ್ರಮವು ಅಮೆರಿಕದ ಕ್ರಮಕ್ಕೆ ತೀರ ವಿರುದ್ಧವಾದುದು. ನೀಟ್ ಎಂಬ ಒಂದು ಪರೀಕ್ಷೆ, 720 ಅಂಕಗಳು, ಒಂದು ಮಧ್ಯಾಹ್ನ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಕುಳಿತುಕೊಳ್ಳುವ ಈ ಪರೀಕ್ಷೆಯಲ್ಲಿ ಕುತೂಹಲಕ್ಕೆ ಅಂಕವಿಲ್ಲ, ಕರುಣೆಗೂ ಇಲ್ಲ. 2024ರಲ್ಲಿ ಹಜಾರಿಬಾಗ್ ಮತ್ತು ಪಾಟ್ನಾಗಳಲ್ಲಿ ಪ್ರಶ್ನಪತ್ರಿಕೆಯು ಸೋರಿದುದನ್ನು ಸರ್ವೋಚ್ಚ ನ್ಯಾಯಾಲಯವೇ ಗುರುತಿಸಿತು. ಇವೆಲ್ಲವನ್ನು ಕಂಡು, ವಿದ್ಯಾರ್ಥಿಯ ಸಂಶೋಧನೆಗೂ ಪ್ರಬಂಧಗಳಿಗೂ ಅಂಕ ಕೊಡಬಾರದೇಕೆ ಎಂದು ಕೇಳುವವರ ಉದ್ದೇಶ ಒಳ್ಳೆಯದೇ. ಪ್ರಬಂಧವು ತಾಳ್ಮೆಗೆ, ಶಿಸ್ತಿಗೆ, ಸ್ವತಂತ್ರ ಬುದ್ಧಿಗೆ ಗುರುತೆಂದು ಅವರು ವಾದಿಸುವರು. ನಿಜವಾದ ಪ್ರಬಂಧದ ವಿಷಯದಲ್ಲಿ ಈ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹದಿನೇಳು ಹದಿನೆಂಟು ವರ್ಷದ ಮಕ್ಕಳಿಗೆ ಇದನ್ನು ಅನ್ವಯಿಸಿದರೆ, ಕೋಚಿಂಗ್ ತರಗತಿಗಳ ಪಕ್ಕದಲ್ಲಿ ಪ್ರಬಂಧದ ಅಂಗಡಿಗಳು ತೆರೆಯಲು ಒಂದು ವರ್ಷವೂ ಬೇಡ. ಪರೀಕ್ಷೆಯಲ್ಲಿ ರಾಯಚೂರಿನ ರೈತನ ಮಗಳೂ ಬೆಂಗಳೂರಿನ ಶ್ರೀಮಂತನ ಮಗನೂ ಕನಿಷ್ಠಪಕ್ಷ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆಯುವರು. ಪ್ರಬಂಧದಲ್ಲಿ ಆ ಅಷ್ಟು ಸಮಾನತೆಯೂ ಉಳಿಯದು.

ಇಂಗ್ಲೆಂಡಿನವರು ಈ ಪಾಠವನ್ನು ಅನುಭವದಿಂದ ಕಲಿತರು. ಅಲ್ಲಿ ವೈದ್ಯವಿದ್ಯೆಯನ್ನು ಮುಗಿಸಿದವರನ್ನು ಮೊದಲ ಎರಡು ವರ್ಷಗಳ ಆಸ್ಪತ್ರೆಯ ಹುದ್ದೆಗಳಿಗೆ ಹಂಚುವಾಗ, ಪ್ರಕಟಿತ ಪ್ರಬಂಧವೊಂದಕ್ಕೆ ಒಂದರಂತೆ ಗರಿಷ್ಠ 2 ಅಂಕಗಳನ್ನು ಕೊಡುತ್ತಿದ್ದರು. 2023ರ ಹಂಚಿಕೆಯಿಂದ ಆ ಅಂಕಗಳನ್ನು ತೆಗೆದುಹಾಕಿದರು. ಆಮೇಲೆ ಬಂದ ಕ್ರಮದ ಬಗ್ಗೆಯೂ ಅಲ್ಲಿ ಆಕ್ಷೇಪಣೆಗಳಿಲ್ಲದೆ ಇಲ್ಲ. ಆದರೂ ಪ್ರಬಂಧಕ್ಕೆ ಅಂಕ ಕಟ್ಟಿದ್ದ ದೇಶವೊಂದು ಅದನ್ನು ತಾನೇ ಕಳಚಿಹಾಕಿದ ಮೇಲೆ, ನಾವು ಹೊಸದಾಗಿ ಕಟ್ಟಿಕೊಳ್ಳಲು ಹೊರಡುವುದು ವಿವೇಕವಲ್ಲ.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ, ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಪ್ರಬಂಧವನ್ನು ಎಂದಿಗೂ ಅಳತೆಗೋಲಾಗಿಸಬಾರದು. ಎರಡನೆಯದಾಗಿ, ಪ್ರವೇಶ ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಪ್ರಶ್ನೆಯನ್ನು ಹಿಡಿದು ಅದರ ಬೆನ್ನುಹತ್ತುವ ಅವಕಾಶವನ್ನು ಸರಕಾರದ ವೆಚ್ಚದಲ್ಲಿ ಒದಗಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನದ ಯೋಜನೆಯು ಇದಕ್ಕೆ ಒಳ್ಳೆಯ ಮಾದರಿ: ಒಬ್ಬ ಮಾರ್ಗದರ್ಶಕ, ಎರಡು ತಿಂಗಳ ಕೆಲಸ, ಕೊನೆಗೊಂದು ವರದಿ. ಪ್ರಕಟಣೆ ಮುಖ್ಯವಲ್ಲ, ಮಾಡಿದುದನ್ನು ಮಾಡಿದಂತೆ ಬರೆಯುವುದು ಮುಖ್ಯ. ಎಣಿಸಿದ್ದು ಸುಳ್ಳಾಯಿತೆಂದು ಬರೆದ ವರದಿಗೂ ಅದೇ ಮರ್ಯಾದೆ ಸಲ್ಲಬೇಕು. ನಮ್ಮ ನಾಡಿನಲ್ಲಿ ಪ್ರಶ್ನೆಗಳಿಗೆ ಬರವೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟುಹೋಗಿಲ್ಲ. ಬಯಲುಸೀಮೆಯ ಬಾವಿಗಳ ಫ್ಲೋರೈಡು ಹಲ್ಲು ಮೂಳೆಗಳನ್ನು ಕೆಡಿಸುತ್ತಲೇ ಇದೆ. ಹಾವು ಕಚ್ಚಿದವರು ಆಸ್ಪತ್ರೆಗೆ ತಡವಾಗಿ ಬರುವುದೇಕೆಂದು ಹತ್ತು ಹಳ್ಳಿಗಳಲ್ಲಿ ಕೇಳಿ ಬರೆದ ಹತ್ತು ಪುಟಗಳು, ಯಾವ ವಿದೇಶೀ ಪತ್ರಿಕೆಯಲ್ಲಿ ಅಚ್ಚಾಗದಿದ್ದರೂ, ಒಬ್ಬ ವೈದ್ಯನನ್ನು ತಯಾರುಮಾಡಬಲ್ಲುವು.

ಮೂರನೆಯದಾಗಿ, ಉನ್ನತ ವ್ಯಾಸಂಗಕ್ಕಾಗಲಿ ಸಂಶೋಧನೆಯ ಹುದ್ದೆಗಾಗಲಿ ವಿದ್ಯಾರ್ಥಿಯ ಸಂಶೋಧನೆಯನ್ನು ಗಣಿಸಬೇಕಾದಲ್ಲಿ, ಸಂಖ್ಯೆಯನ್ನು ಕೇಳದೆ ಒಂದೇ ಕೆಲಸದ ವಿವರವನ್ನು ಕೇಳಬೇಕು. ವೈದ್ಯಪದವಿ ಮತ್ತು ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಓದಬಯಸುವವರಿಂದ ಅಮೆರಿಕದ ಅರ್ಜಿಯೇ ಇಂತಹ ವಿವರವನ್ನು ಕೇಳುವುದು: ಯಾರ ಬಳಿ ದುಡಿದೆ, ಪ್ರಶ್ನೆ ಏನಿತ್ತು, ಅದರಲ್ಲಿ ನಿನ್ನ ಪಾಲೆಷ್ಟು ಎಂದು. ಅಲ್ಲಿಯ ಒಳ್ಳೆಯ ಅಂಶ ಇದು. ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳೋಣ. ಮಾರ್ಗದರ್ಶಕರೂ ವಿದ್ಯಾರ್ಥಿಯು ಮಾಡಿದ ಕೆಲಸವೇನೆಂದು ಸಹಿಮಾಡಿ ತಿಳಿಸಬೇಕು. ಸಂದರ್ಶಕರು ಅರ್ಧ ಗಂಟೆ ಕೂರಿಸಿಕೊಂಡು ಅದನ್ನೇ ಪ್ರಶ್ನಿಸಬೇಕು. ಕೊಂಡುತಂದ ಪ್ರಬಂಧವು ಆ ಅರ್ಧ ಗಂಟೆಯನ್ನು ದಾಟಲಾರದು. ನಾಲ್ಕನೆಯದಾಗಿ, ದುಡಿಯದವರ ಹೆಸರನ್ನು ದಾಕ್ಷಿಣ್ಯಕ್ಕಾಗಿ ಸೇರಿಸುವ ಅಧ್ಯಾಪಕರ ಮೇಲೆ ವಿಶ್ವವಿದ್ಯಾನಿಲಯಗಳು ಕ್ರಮ ಕೈಗೊಳ್ಳಬೇಕು. ವಿದ್ಯಾರ್ಥಿಗೆ ಸುಳ್ಳಿನ ಮೊದಲ ಪಾಠವನ್ನು ಹೇಳಿಕೊಟ್ಟ ಗುರುವಿಗೆ ಶಿಕ್ಷೆಯಿಲ್ಲದೆ ಶಿಷ್ಯನನ್ನು ಮಾತ್ರ ದಂಡಿಸುವುದು ಅನ್ಯಾಯ.

ತಂದೆತಾಯಿಗಳಿಗೂ ಒಂದು ಬಿನ್ನಹ. ಮಕ್ಕಳಿಗಾಗಿ ಹಣ ತೆತ್ತು ಪ್ರಬಂಧವನ್ನು ಕೊಂಡುಕೊಡುವವರು ಅದನ್ನು ಸಣ್ಣ ಉಪಾಯವೆಂದು ಭಾವಿಸಬಹುದು. ವೈದ್ಯರು ಔಷಧಿಯ ಪ್ರಮಾಣವನ್ನು ನಿರ್ಣಯಿಸುವುದೂ, ಯಾವ ಚಿಕಿತ್ಸೆಯನ್ನು ಕೈಬಿಡಬೇಕೆಂದು ತಿಳಿಯುವುದೂ ಇಂತಹ ಪ್ರಬಂಧಗಳನ್ನು ನಂಬಿಯೇ. ಅಲ್ಲಿ ಸೇರಿದ ಒಂದು ಸುಳ್ಳು ಎಲ್ಲಿಯೋ ಒಂದು ಹಾಸಿಗೆಯ ಬಳಿ ಬಂದು ನಿಲ್ಲುವುದು. ಆ ಹಾಸಿಗೆಯಲ್ಲಿ ಮಲಗಿರುವವರು ನಮ್ಮವರೇ ಆಗಿರಬಹುದು. ನಮ್ಮ ವಿಶ್ವವಿದ್ಯಾನಿಲಯಗಳೂ, ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳ ಅಧಿಕಾರಿಗಳೂ, ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಈ ವಿಷಯವನ್ನು ಸಕಾಲದಲ್ಲಿ ವಿಚಾರಕ್ಕೆ ತೆಗೆದುಕೊಂಡು, ಎಣಿಕೆಯ ರೋಗವು ನಮ್ಮ ಪ್ರವೇಶಗಳಿಗೆ ಅಂಟದಂತೆಯೂ ಸಂಶೋಧನೆಯ ನಿಜವಾದ ಅಭ್ಯಾಸವು ಪ್ರತಿಯೊಂದು ಕಾಲೇಜಿನಲ್ಲಿ ಬೇರೂರುವಂತೆಯೂ ಏರ್ಪಾಡು ಮಾಡಬೇಕೆಂದು ಆಗ್ರಹಪಡಿಸುತ್ತೇವೆ.